ಕಿವಿಗೆ ದಕ್ಕಿದ ಚೌಕ: ಕನೆಟ್ಟಿ ಮತ್ತು ಗೊಯ್ಟಿಸೊಲೊ

ಮೊರಾಕೊ ದೇಶದ ಮರ್ರಾಕೇಶ್ ನಗರದ ಜೆಮಾ ಎಲ್ ಫ್ನಾ ಚೌಕವನ್ನು ಯುನೆಸ್ಕೊ ಸಂಸ್ಥೆಯು 2001ರಲ್ಲಿ ಮೌಖಿಕ ಪರಂಪರೆಯ ಮೇರುಕೃತಿಗಳ ಸಾಲಿಗೆ ಸೇರಿಸಿತು. ಕಟ್ಟಡವೊಂದನ್ನಲ್ಲದೆ, ಸಂಜೆ ಕೂಡಿ ರಾತ್ರಿ ಕರಗುವ ಜನಸಂದಣಿಯನ್ನು ಹೀಗೆ ಗುರುತಿಸಿದ್ದು ಜಾನಪದ ಅಧ್ಯಯನದ ದೃಷ್ಟಿಯಿಂದ ಮಹತ್ವದ ಸಂಗತಿ. ಆದರೂ ಈ ಚೌಕದ ಬಗ್ಗೆ ನಮಗೆ ಸಿಗುವುದು ಬಹುಮಟ್ಟಿಗೆ ಛಾಯಾಚಿತ್ರಗಳೇ. ಹಾವಾಡಿಗ ಚಿತ್ರದಲ್ಲಿದ್ದಾನೆ, ಅವನು ಊದುವ ಘೈತಾ ಎಂಬ ವಾದ್ಯದ ಕೊರೆಯುವ ದನಿ ಇಲ್ಲ. ನೀರು ಮಾರುವವನಿದ್ದಾನೆ, ಅವನ ಗಂಟೆಯಿಲ್ಲ. ಗ್ನಾವಾ ವಾದಕರ ಕಬ್ಬಿಣದ ತಾಳ, ಸುಡುವ ಮಾಂಸದ ಹೊಗೆ, ಪುದೀನದ ವಾಸನೆ, ಮೈಗೆ ಮೈ ತಾಗುವ ನೂಕುನುಗ್ಗಲು ಇವಾವುವೂ ಇಲ್ಲ.

ಕಣ್ಣನ್ನು ಬದಿಗಿರಿಸಿ ಈ ಚೌಕವನ್ನು ಗ್ರಹಿಸಲೆತ್ನಿಸಿದವರಲ್ಲಿ ಎಲಿಯಾಸ್ ಕನೆಟ್ಟಿ ಪ್ರಮುಖ. 1954ರಲ್ಲಿ ಅಲ್ಲಿಗೆ ಹೋಗಿದ್ದ ಆತ ಜರ್ಮನ್ ಭಾಷೆಯಲ್ಲಿ ಬರೆದ ಪ್ರವಾಸ ಟಿಪ್ಪಣಿಗಳಿಗೆ ‘ಮರ್ರಾಕೇಶಿನ ದನಿಗಳು’ ಎಂದೇ ಹೆಸರಿಟ್ಟ. ದೇವರ ನಾಮವೊಂದನ್ನೇ ಕೂಗುತ್ತಿದ್ದ ಕುರುಡು ಭಿಕ್ಷುಕರನ್ನು ಕೇಳಿ, ಊರಿಗೆ ಮರಳಿದ ಮೇಲೆ ತಾನೂ ಮೂಲೆಯಲ್ಲಿ ಕಣ್ಣುಮುಚ್ಚಿ ಕುಳಿತು ಹಾಗೆಯೇ ಉಚ್ಚರಿಸಿ ನೋಡಿದುದನ್ನು ಆತ ದಾಖಲಿಸುತ್ತಾನೆ. ಇಷ್ಟು ಶ್ರದ್ಧೆಯ ಕೇಳುಗ ಅಪರೂಪ. ಆದರೆ ಆತ ಅಲ್ಲಿನ ಅರಬ್ಬಿ ಅಥವಾ ಬರ್ಬರ್ ಭಾಷೆಯನ್ನು ಬೇಕೆಂದೇ ಕಲಿಯಲಿಲ್ಲ. ಅರ್ಥ ತಿಳಿದರೆ ದನಿಯ ಬಲ ಕುಂದೀತೆಂಬ ಭಾವನೆ ಆತನದು. ಈ ನಿಲುವನ್ನು ಜಾನಪದ ವಿದ್ಯಾರ್ಥಿ ಒಪ್ಪಲಾಗದು. ಕಥೆಗಾರನ ಸುತ್ತ ನೆರೆಯುವ ‘ಹಲ್ಕಾ’ ಎಂಬ ವೃತ್ತದಲ್ಲಿ ಹಿಂದೆ ನಿಂತವನಿಗೆ ಕಾಣುವುದು ಮುಂದಿನವರ ಬೆನ್ನು ಮಾತ್ರ, ಅವನು ಕಿವಿಯಿಂದಲೇ ಪ್ರೇಕ್ಷಕ. ಕಥೆಗಾರ ಕುತೂಹಲದ ತುದಿಯಲ್ಲಿ ನಿಲ್ಲಿಸಿ ಕಾಸು ಕೇಳಿದಾಗ ಆ ಮೌನ ಅವನನ್ನು ಕಾಡುವುದು ಕಥೆ ತಿಳಿದಿರುವುದರಿಂದ. ಕನೆಟ್ಟಿಗೆ ಅದು ಬರಿಯ ಬಿಡುವು. ಈ ಮಟ್ಟಿಗೆ ಆತನ ಕಿವಿಯೂ ಪ್ರವಾಸಿಯ ಕ್ಯಾಮರಾವೇ.

ಸ್ಪ್ಯಾನಿಷ್ ಲೇಖಕ ಹುವಾನ್ ಗೊಯ್ಟಿಸೊಲೊ ಇದಕ್ಕೆ ವ್ಯತಿರಿಕ್ತ. ಚೌಕದ ಆಡುಮಾತನ್ನು ಕಲಿತು, ಆ ನಗರದಲ್ಲೇ ನೆಲೆಸಿ, 2017ರಲ್ಲಿ ಅಲ್ಲಿಯೇ ತೀರಿಕೊಂಡ. ಯುನೆಸ್ಕೊ ಮನ್ನಣೆಯ ಹಿಂದೆ ಆತನ ಶ್ರಮವಿದೆ. 1980ರ ‘ಮಕ್ಬರಾ’ ಕಾದಂಬರಿಯ ಕೊನೆಯಲ್ಲಿ ಚೌಕದ ಗದ್ದಲವೇ ವಾಕ್ಯರಚನೆಯಾಗುತ್ತದೆ. ಓದಲು ಪ್ರಯಾಸವೆನಿಸಿದರೂ ಅದು ಒಳಗಿನವನ ಕಿವಿ.

ಈ ಮಾತು ಹೇಳುವಾಗ ನನ್ನದೇ ಕ್ಷೇತ್ರಕಾರ್ಯ ನೆನಪಾಗದಿರದು. ಜಾತ್ರೆಗಳಲ್ಲಿ ಗಾಯಕರನ್ನು ಗುಡಿಯ ಹಿಂದಿನ ಸದ್ದಿಲ್ಲದ ಜಗುಲಿಗೆ ಕರೆದೊಯ್ದು ಹಾಡಿಸಿ, ಧ್ವನಿಮುದ್ರಣ ‘ಶುದ್ಧ’ವಾಯಿತೆಂದು ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಜಾತ್ರೆ ಆ ಧ್ವನಿಸುರುಳಿಗಳಲ್ಲಿ ಇಲ್ಲ.

ಆದರೂ ಕನೆಟ್ಟಿಯ ಕೊನೆಯ ಅಧ್ಯಾಯವನ್ನು ತಳ್ಳಿಹಾಕಲಾರೆ. ಮುಸ್ಸಂಜೆಯ ಚೌಕದಲ್ಲಿ ನೆಲದ ಮೇಲೊಂದು ಬಟ್ಟೆಯ ಗಂಟು. ಮುಖವಿಲ್ಲ, ಮಾತಿಲ್ಲ, ಒಳಗಿನಿಂದ ಎಡೆಬಿಡದ ಒಂದೇ ಸ್ವರ. ಅದರ ಮುಸುಕನ್ನು ಆತ ಎತ್ತಿ ನೋಡುವುದಿಲ್ಲ. ಇಲ್ಲಿ ಅರಬ್ಬಿ ಬಲ್ಲವನಿಗೂ ಕೇಳುವುದು ಅಷ್ಟೇ. ನಮ್ಮ ಲಿಪ್ಯಂತರ ಪದ್ಧತಿಯಲ್ಲಿ ಇಂಥ ದನಿಯ ಜಾಗಕ್ಕೆ ನಾವು ಈವರೆಗೆ ಹಾಕುತ್ತ ಬಂದಿರುವುದು ಮೂರು ಚುಕ್ಕೆ.