ಸೀಳಿದ ಅಣಬೆ

ಇಂಗ್ಲೆಂಡಿನ ಮಕ್ಕಳ ಕಥೆಗಾರ್ತಿ ಬಿಯಾಟ್ರಿಕ್ಸ್ ಪಾಟರ್ ಎಂದೊಡನೆ ಆಕೆಯ ಕಥೆಯ ನೀಲಿ ಕೋಟಿನ ಮೊಲ ಕಣ್ಣಮುಂದೆ ಬಂದು ಕೂಡುತ್ತದೆ. ಈಚೆಗೆ ಆ ಮೊಲದ ಪಕ್ಕದಲ್ಲಿ ಇನ್ನೊಂದು ಪ್ರತಿಮೆಯನ್ನೂ ನಿಲ್ಲಿಸಿದ್ದಾರೆ: ಗಂಡಸರು ಬಾಗಿಲು ಹಾಕಿ ಹೊರಗಿಟ್ಟ ಅಣಬೆ ವಿಜ್ಞಾನಿ. ಈ ಎರಡು ಖ್ಯಾತಿಗಳ ನಡುವೆ ಸಿಕ್ಕಿ ಮಸುಕಾದದ್ದು ಆಕೆ ಜಲವರ್ಣದಲ್ಲಿ ಬರೆದ ನೂರಾರು ಅಣಬೆ ಚಿತ್ರಗಳು. ಆಕೆಯ ದೊಡ್ಡ ಕೆಲಸ ಅವೇ ಎಂದು ನಾನು ನಂಬಿದ್ದೇನೆ.

ಆ ಹಾಳೆಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಸೀಳು. ಇಡೀ ಅಣಬೆಯೊಂದು ನಿಂತಿದೆ. ಪಕ್ಕದಲ್ಲಿ ಅದೇ ಜಾತಿಯದು ನೆತ್ತಿಯಿಂದ ಬುಡದವರೆಗೆ ಎರಡು ಹೋಳಾಗಿದೆ. ಇದನ್ನು ಕಲಿಸಿದವನು ಸ್ಕಾಟ್ಲೆಂಡಿನ ಪರ್ತ್‌ಶೈರ್‌ನ ಅಂಚೆಯಣ್ಣ ಚಾರ್ಲ್ಸ್ ಮೆಕಿಂಟಾಶ್. ಪತ್ರ ಹಂಚುತ್ತ ಕಾಡುಮೇಡು ತಿರುಗಿ ಅಣಬೆ ಗುರುತಿಸಲು ಕಲಿತವನು. 1892ರ ನಂತರ ಅವನು ಅಂಚೆಯಲ್ಲಿ ಅಣಬೆ ಕಳಿಸಿದ, ಆಕೆ ಚಿತ್ರ ಕಳಿಸಿದಳು. ಕೊಡೆಯಡಿಯ ತೆಳು ಪದರುಗಳು ಕಾಂಡಕ್ಕೆ ಹೇಗೆ ಹತ್ತಿಕೊಂಡಿವೆ, ಕಾಂಡ ಟೊಳ್ಳೋ ಗಟ್ಟಿಯೋ, ಅದನ್ನು ಕತ್ತರಿಸಿ ತೋರಿಸು ಎಂಬುದು ಅವನ ಸಲಹೆ. ಬೇರೆಯವರ ಕೈಯಲ್ಲಿ ಇದು ಪಠ್ಯಪುಸ್ತಕದ ನಕ್ಷೆಯಾಗಿ ಒಣಗಿಹೋಗುತ್ತಿತ್ತು. ಪಾಟರ್ ಕುಂಚದಲ್ಲಿ ತಿರುಳಿನ ಹಸಿ ಉಳಿಯಿತು. ಚಿತ್ರ ಮುಗಿಯುವವರೆಗೆ ಅಣಬೆ ಕಾಯುವ ಜೀವವೂ ಅಲ್ಲ. 1893ರ ಸೆಪ್ಟೆಂಬರ್‌ನಲ್ಲಿ ಡಂಕೆಲ್ಡ್‌ನಲ್ಲಿ ಆಕೆ ಬರೆದ ಸ್ಟ್ರೊಬಿಲೊಮೈಸಿಸ್ ನೋಡಿ: ಮೈತುಂಬ ಕಪ್ಪು ಪೊರೆ ಎದ್ದ, ಪೈನ್ ಕಾಯಿಯಂಥ ಅಣಬೆ. ಕತ್ತರಿಸಿದರೆ ಅದರ ಬಿಳಿ ತಿರುಳು ಕೆಂಪಾಗಿ, ಆಮೇಲೆ ಕಪ್ಪಾಗುತ್ತದೆ. ಬಣ್ಣ ಕಲಸುವಷ್ಟರಲ್ಲಿ ಎದುರಿನ ಬಣ್ಣವೇ ಬದಲು. ಮೊಲದ ಕಥೆ ಹುಟ್ಟಿದ ಪತ್ರವನ್ನೂ ಆಕೆ ಬರೆದದ್ದು ಅದೇ ಊರಿನಿಂದ, ಅದೇ ತಿಂಗಳು. ಲೋಕ ಮೊಲವನ್ನು ಆರಿಸಿಕೊಂಡಿತು.

ಮಹಾರಾಷ್ಟ್ರದ ಗಡಿಗೆ ಹತ್ತಿದ ನಮ್ಮ ಖಜೂರಿ ಸೀಮೆಯವರಿಗೆ ಈ ಸೀಳು ಹೊಸದಲ್ಲ. ಹೂವು ಕಾಯಿ ಹೊತ್ತ ತೊಗರಿ ಇದ್ದಕ್ಕಿದ್ದಂತೆ ಜೋತುಬಿದ್ದಾಗ ಅಪ್ಪ ಗಿಡ ಕಿತ್ತು, ಕುಡುಗೋಲಿನಿಂದ ಕಾಂಡ ಸೀಳಿ ಬೆಳಕಿಗೆ ಹಿಡಿಯುತ್ತಿದ್ದ. ಒಳಗೆ ಕಪ್ಪು ಗೆರೆ ಕಂಡರೆ ಮಾತಾಡದೆ ಬದುವಿಗೆ ಹೋಗಿ ಕೂಡುತ್ತಿದ್ದ. ನೆಟೆ ರೋಗ. ಅದೂ ಶಿಲೀಂಧ್ರವೇ, ಫ್ಯುಸೇರಿಯಂ. ಮಣ್ಣಿನಿಂದ ಬೇರು ಹೊಕ್ಕು ನೀರು ಏರುವ ದಾರಿಯನ್ನೇ ಕಟ್ಟುತ್ತದೆ. ಎರೆ ಮಣ್ಣು ಹಸಿಯಾಗಿರುವಾಗಲೇ ಗಿಡ ನೀರಿಲ್ಲದೆ ಸಾಯುತ್ತದೆ. ಸೀಳದೆ ಇದು ತಿಳಿಯುವುದಿಲ್ಲ. ಪಾಟರ್ ಚಿತ್ರಗಳನ್ನು ಬರೀ ಅಂದಕ್ಕಾಗಿ ಹೊಗಳುವವರ ಜತೆ ನನಗೆ ಜಗಳವಿರುವುದು ಈ ಕಾರಣಕ್ಕೆ.

ಅದಕ್ಕಿಂತ ದೊಡ್ಡ ಜಗಳ ಅನ್ಯಾಯದ ಕಥೆಯನ್ನಷ್ಟೇ ಹೇಳುವವರ ಜತೆ. ಅನ್ಯಾಯ ನಿಜ. ಅಣಬೆಯ ಬೀಜಕಣಗಳು ಮೊಳೆಯುವ ಬಗ್ಗೆ ಆಕೆ ಬರೆದ ಪ್ರಬಂಧವನ್ನು 1897ರ ಏಪ್ರಿಲ್ 1ರಂದು ಲಂಡನ್ನಿನ ಲಿನಿಯನ್ ಸೊಸೈಟಿಗೆ ಒಪ್ಪಿಸಿದ್ದು ಶಿಲೀಂಧ್ರತಜ್ಞ ಜಾರ್ಜ್ ಮ್ಯಾಸೀ. ಹೆಂಗಸರಿಗೆ ಆ ಸಭೆಗೆ ಪ್ರವೇಶವಿರಲಿಲ್ಲ. ಆದರೆ ಕಲ್ಲುಹೂವು ಪಾಚಿ–ಶಿಲೀಂಧ್ರಗಳ ಕೂಡುಬಾಳು ಎಂದು ಕಂಡುಹಿಡಿದವಳೇ ಆಕೆ ಎಂದು ಬರೆಯುವುದು ತಪ್ಪು. ಸ್ವಿಟ್ಜರ್ಲೆಂಡಿನ ಸಸ್ಯವಿಜ್ಞಾನಿ ಶ್ವೆಂಡೆನರ್ ಅದನ್ನು 1860ರ ದಶಕದಲ್ಲೇ ಹೇಳಿದ್ದ. ಆಕೆಗೆ ಇಲ್ಲದ ಕಿರೀಟ ತೊಡಿಸುವ ಗಡಿಬಿಡಿಯಲ್ಲಿ ಇದ್ದ ಕಿರೀಟ ಬಿದ್ದುಹೋಯಿತು. ಪ್ರಬಂಧ ಕಳೆದುಹೋಗಿದೆ, ಅದರ ಬಗ್ಗೆ ಪುಟಗಟ್ಟಲೆ ಬರೆಯುತ್ತಾರೆ. ಚಿತ್ರಗಳು ಆಂಬಲ್‌ಸೈಡ್‌ನ ಆರ್ಮಿಟ್ ಸಂಗ್ರಹಾಲಯದಲ್ಲಿವೆ, ಅವುಗಳ ಮುಂದೆ ನಿಲ್ಲುವವರು ಕಡಿಮೆ. ಶಿಲೀಂಧ್ರತಜ್ಞ ಫಿಂಡ್ಲೆ ತಮ್ಮ ಅಣಬೆ ಕೈಪಿಡಿಗೆ ಅವುಗಳಲ್ಲಿ 59ನ್ನು ಆರಿಸಿಕೊಂಡದ್ದು 1967ರಲ್ಲಿ, ಆಕೆ ತೀರಿಕೊಂಡು 24 ವರ್ಷವಾದ ಮೇಲೆ.

ಕೊರತೆಯೂ ಇದೆ. ಬಹಳಷ್ಟು ಹಾಳೆಗಳಲ್ಲಿ ಸುತ್ತ ಬರೀ ಬಿಳುಪು. ಅಣಬೆ ತಿಂದು ಬೆಳೆದ ಕೊಳೆತ ಎಲೆ, ಮಣ್ಣು ಕಾಣುವುದಿಲ್ಲ.

ಖಜೂರಿಯಿರುವ ನಮ್ಮ ಕಲಬುರಗಿ ಚಿತ್ರಕಾರ ಎಸ್. ಎಂ. ಪಂಡಿತರನ್ನು ಕೊಟ್ಟ ನೆಲ. ಅವರ ಪುರಾಣದ ಚಿತ್ರಗಳಲ್ಲಿ ಮೈಮೇಲೆ ಬೀಳುವ ಬೆಳಕಿಗೆ ನಾನೂ ಮನಸೋತವನು. ಆದರೆ ಅಲ್ಲಿ ಗಿಡಮರಗಳು ದೇವತೆಗಳ ಹಿಂದಿನ ಪರದೆ. ಅವರ ನಂತರದವರು ನಮ್ಮ ಹೊಲಗಳನ್ನು ಬರೆದಿದ್ದಾರೆ, ಹೂಬಿಟ್ಟ ತೊಗರಿಯನ್ನೂ ಬರೆದಿದ್ದಾರೆ. ಅಪ್ಪ ಬೆಳಕಿಗೆ ಹಿಡಿದು ನೋಡುತ್ತಿದ್ದ ಆ ಕಪ್ಪು ಗೆರೆಯನ್ನು ಬರೆದ ಚಿತ್ರ ನನಗಿನ್ನೂ ಸಿಕ್ಕಿಲ್ಲ.