ವೂಫರ್‌ಗಿಂತ ಮೊದಲು ಪೆಟ್ಟಿಗೆ

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕಾರಿಗೆ ಸಬ್‌ವೂಫರ್ ಕೇಳಿದರೆ ಮೊದಲು ಬರುವ ಮಾತು ವಾಟ್. ಡಬ್ಬದ ಮೇಲೂ ಅದೇ ದಪ್ಪಕ್ಷರದಲ್ಲಿರುತ್ತದೆ. ಬೇಸ್ ಹೇಗೆ ಕೇಳಿಸೀತು ಎಂಬುದು ಅದರಿಂದ ತಿಳಿಯುವುದಿಲ್ಲ. ಒಳಗಿರುವ ಚೀಟಿ ತೆಗೆದು ಎಫ್‌ಎಸ್ (ಕೋನ್ ತಾನಾಗಿ ಕಂಪಿಸುವ ಆವರ್ತನ), ಕ್ಯೂಟಿಎಸ್ (ಆ ಕಂಪನ ಎಷ್ಟು ಹತೋಟಿಯಲ್ಲಿದೆ ಎಂಬ ಅಳತೆ), ವಿಎಎಸ್ (ಕೋನಿನ ಹಿಡಿತದಷ್ಟೇ ಸ್ಪ್ರಿಂಗ್ ಕೊಡುವ ಗಾಳಿಯ ಗಾತ್ರ) ಎಂಬ ಮೂರು ಅಂಕಿ ನೋಡಿ. ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ ಇಂಥ ಅಂಕಿಗಳ ಮೇಲೆ ಬರೆದ ಪ್ರಬಂಧವನ್ನು ರಿಚರ್ಡ್ ಸ್ಮಾಲ್ ಎಪ್ಪತ್ತರ ದಶಕದಲ್ಲಿ ಬೆಳೆಸಿದ ಮೇಲೆ, ಅಂದಾಜಿನ ಮೇಲೆ ನಡೆಯುತ್ತಿದ್ದ ಪೆಟ್ಟಿಗೆ ಕೆಲಸ ಲೆಕ್ಕದ ಕೆಲಸವಾಯಿತು. ಆ ಮೂರು ಅಂಕಿ ಕೊಡದ ವೂಫರನ್ನು ನಾನು ಕೊಳ್ಳುವುದಿಲ್ಲ.

ಕೋನ್ ಮುಂದಕ್ಕೆ ಗಾಳಿ ತಳ್ಳುವಾಗಲೇ ಹಿಂದಿನಿಂದ ಅಷ್ಟೇ ಗಾಳಿ ಸೆಳೆಯುತ್ತದೆ. ನಡುವೆ ಪೆಟ್ಟಿಗೆಯ ಗೋಡೆ ಇಲ್ಲದಿದ್ದರೆ ಎರಡೂ ಸೇರಿ ತಗ್ಗಿನ ದನಿಯೇ ಅಳಿಸಿಹೋಗುತ್ತದೆ. ಹಾಗಾದರೆ ಪೂರ್ತಿ ಮುಚ್ಚಿದ ಪೆಟ್ಟಿಗೆಯೋ, ಪೋರ್ಟ್, ಅಂದರೆ ಗಾಳಿಯಾಡುವ ಕೊಳವೆ, ಇರುವುದೋ? ಕಾರಿಗೆ ನನ್ನ ಆಯ್ಕೆ ಮುಚ್ಚಿದ್ದು. ಅದರ ದನಿ ಒಂದು ಮಿತಿಯ ಕೆಳಗೆ ಆಕ್ಟೇವ್‌ಗೆ 12 ಡೆಸಿಬೆಲ್‌ನಂತೆ ಇಳಿಯುತ್ತದೆ, ನಿಜ. ಮನೆಯ ಹಾಲ್‌ನಲ್ಲಿ ಅದು ನಷ್ಟವೇ. ಆದರೆ ಎರಡೂವರೆ ಮೀಟರ್ ಉದ್ದದ ಕಾರಿನೊಳಗೆ ಸುಮಾರು 70 ಹರ್ಟ್ಸ್‌ನ ಕೆಳಗಿನ ಅಲೆಗೆ ಹರಡಲು ಜಾಗವಿಲ್ಲ. ಒಳಗಿನ ಗಾಳಿಯೆಲ್ಲ ಒಟ್ಟಿಗೇ ಒತ್ತಿಹೋಗಿ ದನಿ ಹೆಚ್ಚುಕಡಿಮೆ ಅದೇ ಲೆಕ್ಕದಲ್ಲಿ ಏರುತ್ತದೆ. ಪೆಟ್ಟಿಗೆ ಕಳೆದದ್ದನ್ನು ಕಾರೇ ತುಂಬಿಕೊಡುತ್ತದೆ. ಪೋರ್ಟ್ ಪೆಟ್ಟಿಗೆ ತನ್ನ ಕೊಳವೆಯನ್ನು ಟ್ಯೂನ್ ಮಾಡಿದ ಆವರ್ತನದ ಸುತ್ತ ಅಬ್ಬರಿಸುತ್ತದೆ, ಅದರ ಕೆಳಗೆ 24 ಡೆಸಿಬೆಲ್‌ನಂತೆ ಕುಸಿಯುತ್ತದೆ. ಜೋರಿನ ಸ್ಪರ್ಧೆಗೆ ಅದು ಸರಿ. ಮೃದಂಗದ ತೊಪ್ಪಿ, ಡೊಳ್ಳಿನ ಏಟು ಏಟಾಗಿಯೇ ಕೇಳಿ, ಮುಗಿದ ಕ್ಷಣಕ್ಕೆ ನಿಲ್ಲಬೇಕೆನ್ನುವವರಿಗೆ ಮುಚ್ಚಿದ ಪೆಟ್ಟಿಗೆಯಷ್ಟು ಒಳ್ಳೆಯದು ಬೇರೆ ಇಲ್ಲ.

ಲೆಕ್ಕ ಮಾಡಿಯೇ ನೋಡೋಣ. ಎಫ್‌ಎಸ್ 28 ಹರ್ಟ್ಸ್, ಕ್ಯೂಟಿಎಸ್ 0.45, ವಿಎಎಸ್ 60 ಲೀಟರ್ ಇರುವ 12 ಇಂಚಿನ ವೂಫರ್ ಎಂದಿಟ್ಟುಕೊಳ್ಳಿ. ದನಿ ಎಲ್ಲೂ ಉಬ್ಬದೆ ಸಮವಾಗಿ ಇಳಿಯಬೇಕಾದರೆ ಪೆಟ್ಟಿಗೆಯೊಳಗೆ ಒಟ್ಟು ಕ್ಯೂ 0.707 ಬರಬೇಕು, ಅದಕ್ಕೆ ಬೇಕಾದ ಒಳಜಾಗ 41 ಲೀಟರ್. ಹೊರಗಿನಿಂದ 45, 40, 35 ಸೆಂಟಿಮೀಟರ್ ಅಳೆದರೆ 63 ಲೀಟರ್ ಸಿಕ್ಕಿತೆಂದು ಅನಿಸುತ್ತದೆ. 18 ಮಿ.ಮೀ. ಹಲಗೆ ಎರಡೂ ಬದಿಯಿಂದ ತಿಂದು ಉಳಿಯುವುದು 47 ಮಾತ್ರ. ಮ್ಯಾಗ್ನೆಟ್ಟಿಗೆ ಮೂರು, ಒಳಗಿನ ಅಡ್ಡಪಟ್ಟಿಗೆ ಮೂರು ಕಳೆಯಿರಿ, ಲೆಕ್ಕ ಕೂಡಿಬಂತು.

ಆ ಅಡ್ಡಪಟ್ಟಿ ದಂಡವೆಂದು ಕೆಲವು ಬಡಗಿಗಳು ಬಿಟ್ಟುಬಿಡುತ್ತಾರೆ. ಬಿಡಬೇಡಿ. ಕೋನ್ ಒಂದು ಸೆಂಟಿಮೀಟರ್ ಒಳಗೆ ಬಂದರೆ ಈ ಪೆಟ್ಟಿಗೆಯ ದೊಡ್ಡ ಹಲಗೆಯ ಮೇಲೆ ಸುಮಾರು 25 ಕೆ.ಜಿ. ಭಾರದಷ್ಟು ಒತ್ತಡ ಬೀಳುತ್ತದೆ. 40 ಹರ್ಟ್ಸ್‌ನಲ್ಲಿ ಅದು ಸೆಕೆಂಡಿಗೆ 40 ಸಲ ತಳ್ಳಿ, ಅಷ್ಟೇ ಸಲ ಎಳೆಯುತ್ತದೆ. ಹಲಗೆ ನಡುಗಿದರೆ ನೀವು ಕೇಳುವುದು ಹಲಗೆಯ ದನಿಯನ್ನೂ ಸೇರಿಸಿಯೇ. ಬೆರಳಿನ ಗೆಣ್ಣಿನಿಂದ ಬಡಿದು ನೋಡಿ: ಗಟ್ಟಿ, ಚಿಕ್ಕ ಸದ್ದು ಬರಬೇಕು.

ಎಂಡಿಎಫ್ ಸಮನಾಗಿ ಕುಯ್ಯಲು ಸಿಗುತ್ತದೆ, ಆದರೆ ಅಂಚಿನಲ್ಲಿ ನೀರು ಕುಡಿದರೆ ಉಬ್ಬುತ್ತದೆ. ಮಂಗಳೂರು, ಉಡುಪಿಯ ಮಳೆಗಾಲ ಕಾಣುವ ಕಾರಿಗೆ ಐಎಸ್ 710 ಮುದ್ರೆಯ, ನೀರಿಗೆ ತಾಳುವ ಪ್ಲೈವುಡ್ಡೇ ಸರಿ. ಕೀಲುಗಳಿಗೆ ಧಾರಾಳವಾಗಿ ಅಂಟು ಹಾಕಿ, ಕ್ಲ್ಯಾಂಪ್ ಬಿಗಿದು, ಒಳಮೂಲೆಗಳಿಗೆ ಸಿಲಿಕೋನ್ ಎಳೆಯಿರಿ. ವಿನೆಗರ್ ವಾಸನೆಯ ಸಿಲಿಕೋನ್ ಆದರೆ ಆ ವಾಸನೆ ಪೂರ್ತಿ ಹೋಗುವವರೆಗೆ ವೂಫರ್ ಕೂರಿಸಬೇಡಿ. ಆ ಆವಿ ಒಳಗಿನ ಲೋಹಕ್ಕೆ ತುಕ್ಕು ಹಿಡಿಸೀತು. ಕೂರಿಸಿದ ಮೇಲೆ ಎರಡೂ ಅಂಗೈಯಿಂದ ಕೋನನ್ನು ಸಮವಾಗಿ, ಮೆಲ್ಲಗೆ ಒತ್ತಿ ಬಿಡಿ. ನಿಧಾನಕ್ಕೆ ಮೇಲೆ ಬಂದರೆ ಪೆಟ್ಟಿಗೆ ಗಾಳಿ ಹಿಡಿದಿದೆ. ಟಕ್ಕನೆ ಎದ್ದರೆ ಎಲ್ಲೋ ಸೋರುತ್ತಿದೆ, ಮೊದಲು ವೈರ್ ಟರ್ಮಿನಲ್ ಸುತ್ತ ಹುಡುಕಿ.

ಇಷ್ಟಾದ ಮೇಲೆ ಪೆಟ್ಟಿಗೆಯನ್ನು ಡಿಕ್ಕಿಯಲ್ಲಿ ಸುಮ್ಮನೆ ಇಟ್ಟು ಹೊರಡಬೇಡಿ. ವೂಫರ್ ಸೇರಿ ಹದಿನೆಂಟು, ಇಪ್ಪತ್ತು ಕೆ.ಜಿ. ತೂಗುತ್ತದೆ, ಹೆದ್ದಾರಿಯಲ್ಲಿ ಕಾರು ಡಿಕ್ಕಿ ಹೊಡೆದರೆ ಅದು ಹಿಂದಿನ ಸೀಟಿನವರ ಬೆನ್ನಿಗೇ ಬರುತ್ತದೆ. ಕಬ್ಬಿಣದ ಎಲ್ ಪಟ್ಟಿ, ಬೋಲ್ಟು ಹಾಕಿ ಕಾರಿನ ತಳಕ್ಕೆ ಬಿಗಿಸಿ. ತೂತು ಕೊರೆಯುವ ಮೊದಲು ಕಾರಿನ ಕೆಳಗೆ ಬಗ್ಗಿ, ಪೆಟ್ರೋಲ್ ಟ್ಯಾಂಕ್ ಎಲ್ಲಿದೆ ಎಂದು ನೋಡಿಕೊಳ್ಳಿ.