ಮರವಾದವಳು, ಬಿಲ್ ಕಟ್ಟಿದವಳು

ಹಾನ್ ಕಾಂಗ್ ಅವರ 'ದಿ ವೆಜಿಟೇರಿಯನ್' ಕಾದಂಬರಿಯನ್ನು (ಕೊರಿಯನ್ ಮೂಲ 2007ರದ್ದು, ನಾನು ಓದಿದ್ದು ಡೆಬೊರಾ ಸ್ಮಿತ್ ಅವರ ಇಂಗ್ಲಿಷ್ ಅನುವಾದ) ಪರಿಸರ ಸ್ತ್ರೀವಾದದ ಕನ್ನಡಕ ಹಾಕಿಕೊಂಡು ಓದೋದು ಸುಲಭ. ಗೃಹಿಣಿ ಯಂಗ್‌ಹೇ ಕೆಟ್ಟ ಕನಸು ಬಿದ್ದ ಮೇಲೆ ಮಾಂಸ ಬಿಡುತ್ತಾಳೆ. ವಿಯೆಟ್ನಾಂ ಯುದ್ಧಕ್ಕೆ ಹೋಗಿಬಂದ ಅಪ್ಪ ಮನೆಮಂದಿಯ ಎದುರೇ ಅವಳ ಕೆನ್ನೆಗೆ ಬಾರಿಸಿ ಬಾಯಿಗೆ ಮಾಂಸ ತುರುಕುತ್ತಾನೆ. ಕೊನೆಗೆ ಆಸ್ಪತ್ರೆಯಲ್ಲಿ ತಲೆಕೆಳಗಾಗಿ ನಿಂತು ತಾನು ಮರ ಅಂತಾಳೆ, ಊಟ ಬೇಡ ಅಂತಾಳೆ. ಹೆಣ್ಣನ್ನೂ ನೆಲವನ್ನೂ ಬಗ್ಗಿಸುವ ಕೈ ಒಂದೇ, ಅವಳು ಮರವಾಗಿ ಪಾರಾದಳು ಅಂದುಬಿಟ್ಟರೆ ಲೆಕ್ಕ ಟ್ಯಾಲಿ ಆಯ್ತು.

ನಂಗೆ ಆಗಲಿಲ್ಲ. ಕೈ ಒಂದೇ ಅನ್ನೋದು ನಿಜ. ಅದೇ ಅಪ್ಪ ಹಿಂದೆ ಅವಳನ್ನು ಕಚ್ಚಿದ ನಾಯಿಯನ್ನು ಮೋಟಾರ್‌ಸೈಕಲ್ಲಿಗೆ ಕಟ್ಟಿ ಓಡಿಸಿ ಸಾಯಿಸಿದ್ದ. ಆದರೆ ಆ ನಾಯಿಯ ಮಾಂಸವನ್ನು ಚಿಕ್ಕ ಹುಡುಗಿ ಯಂಗ್‌ಹೇ ಕೂಡ ತಿಂದಿದ್ದಳು! ಇನ್ನು, ಅವಳ ಮೈಯನ್ನು ಮೊದಲು ಗಿಡ ಮಾಡಿದ್ದು ಯಾರು? ಅಕ್ಕನ ಗಂಡ. ಬರಿಮೈ ಮೇಲೆ ಹೂ ಬರೆದು, ವಿಡಿಯೋ ಮಾಡಿ, ಆಮೇಲೆ ಬಳಸಿಕೊಂಡವನು. ಹೆಣ್ಣೆಂದರೆ ಪ್ರಕೃತಿ ಅಂತ ನಾವು ಹೊಗಳೋದೂ ಅವನ ಕುಂಚದಂಥದ್ದೇ ಅಲ್ವಾ?

ನಮ್ಮಮ್ಮ ಅಡಿಕೆ ತೋಟಕ್ಕೆ ಬೆಟ್ಟದಿಂದ ಸೊಪ್ಪು ಹೊತ್ತವಳು. ಯಾವ ಗಿಡದ ಸೊಪ್ಪು ಬೇಗ ಗೊಬ್ಬರ ಆಗುತ್ತೆ ಅಂತ ಅವಳಿಗೆ ಗೊತ್ತು. ಅದು ಹೊತ್ತೂ ಹೊತ್ತೂ ಬಂದ ತಿಳಿವಳಿಕೆ, ಹೆಣ್ಣಾಗಿ ಹುಟ್ಟಿದ್ದಕ್ಕೆ ತಾನಾಗೇ ಬಂದದ್ದಲ್ಲ. ಬೀನಾ ಅಗರವಾಲ್ 1992ರಲ್ಲೇ ಈ ಮಾತು ಎತ್ತಿದ್ದರು: ಹೆಂಗಸರಿಗೂ ಕಾಡಿಗೂ ಇರುವ ನಂಟನ್ನು ದುಡಿಮೆಯಲ್ಲಿ, ಆಸ್ತಿಯಲ್ಲಿ ಹುಡುಕಿ ಅಂತ. ಅಪ್ಪ ತೀರಿಕೊಂಡಾಗ ಅಮ್ಮ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದಳು. ಪಹಣಿಯಲ್ಲಿ ಈಗ ಇರೋದು ಬೆಂಗಳೂರಲ್ಲಿ ಕೋಡ್ ಬರೆಯುವ ನನ್ನ ಹೆಸರು. ನಾನೂ ಬೇಡ ಅನ್ನಲಿಲ್ಲ.

ಅದಕ್ಕೇ ಇರಬೇಕು, ನಂಗೆ ಕಾದಂಬರಿಯಲ್ಲಿ ಕಾಡಿದ್ದು ಅಕ್ಕ ಇನ್‌ಹೇ. ಸೌಂದರ್ಯವರ್ಧಕಗಳ ಅಂಗಡಿ ನಡೆಸುತ್ತಾ, ಮಗನನ್ನು ಸಾಕುತ್ತಾ, ತಂಗಿಯ ಆಸ್ಪತ್ರೆ ಬಿಲ್ ಕಟ್ಟುವವಳು. ಅವಳೂ ಒಂದು ನಸುಕಿನಲ್ಲಿ ಸಾಯಲೆಂದು ಗುಡ್ಡ ಹತ್ತುತ್ತಾಳೆ. ಅಲ್ಲಿನ ಮರಗಳು ಅವಳಿಗೆ ಸಮಾಧಾನವನ್ನೂ ಕೊಡಲ್ಲ, ಸಾವನ್ನೂ ಕೊಡಲ್ಲ. ಸುಮ್ಮನೆ ನಿಂತಿರ್ತವೆ. ಅವಳು ಇಳಿದು ವಾಪಸ್ ಮನೆಗೆ ಬರ್ತಾಳೆ. ಕೊನೆಯ ಪುಟದಲ್ಲಿ, ತಂಗಿಯನ್ನು ಸಾಗಿಸುತ್ತಿರುವ ಆಂಬುಲೆನ್ಸಿನೊಳಗಿಂದ ಅವಳು ಮತ್ತೆ ರಸ್ತೆಬದಿಯ ಮರಗಳನ್ನು ದುರುಗುಟ್ಟಿ ನೋಡುತ್ತಾಳೆ, ಉತ್ತರ ಕೊಡ್ರಿ ಅನ್ನೋ ಹಾಗೆ.